ಕೋಟಿ ಲೆಕ್ಕದ ಪಕ್ಕ ದೋಸೆ ರೇಟೂ ಹಾಕಿ ಸಾರ್

ಸಂಪಾದಕರಿಗೆ ನಮಸ್ಕಾರ,

ಹೋದ ಸೋಮವಾರ ನಿಮ್ಮ ಪೇಪರಿನ ದುಡ್ಡುಕಾಸಿನ ಪುಟದಲ್ಲಿ ಒಂದು ಲೇಖನ ಬಂದಿತ್ತು. ತಿಂಗಳಿಗೆ 5 ಸಾವಿರದ ಹಾಗೆ 25 ವರ್ಷ ಎಸ್‌ಐಪಿ (ಅಂದ್ರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕೋದು) ಕಟ್ಕೊಂಡು ಹೋದ್ರೆ ವರ್ಷಕ್ಕೆ 12 ಪರ್ಸೆಂಟ್ ಲೆಕ್ಕದಲ್ಲಿ 95 ಲಕ್ಷ ಆಗತ್ತೆ, ಹೆಚ್ಚುಕಮ್ಮಿ ಕೋಟಿ, ಅಂತ. ಲೆಕ್ಕ ತಪ್ಪಿಲ್ಲ ಸಾರ್, ನಾನೂ ಮೊಬೈಲಲ್ಲಿ ಹಾಕಿ ನೋಡ್ದೆ, 94 ಲಕ್ಷದ 88 ಸಾವಿರ ಬಂತು. ಆದ್ರೆ ಬರೆದವ್ರು ಒಂದು ಮಾತು ಬಿಟ್ಟಿದಾರೆ. ಆ 25 ವರ್ಷ ಆದ್ಮೇಲೆ ಮಸಾಲೆ ದೋಸೆ ಎಷ್ಟಾಗಿರತ್ತೆ ಅಂತ ಹೇಳ್ಲೇ ಇಲ್ಲ. ಅದು ಗೊತ್ತಿಲ್ದೆ 95 ಲಕ್ಷ ಜಾಸ್ತಿನೋ ಕಮ್ಮಿನೋ ಅಂತ ಹೇಳೋದು ಹೆಂಗೆ?

ತಮಾಷೆಗೆ ಹೇಳ್ತಿಲ್ಲ. ನಾನು ಸಾಗರದಲ್ಲಿ 31 ವರ್ಷ ಪಿಗ್ಮಿ ಕಲೆಕ್ಟರ್ ಆಗಿದ್ದೋನು, 1994ರಲ್ಲಿ ಲೈನ್, ಅಂದ್ರೆ ದಿನಾ ಸುತ್ತಿ ದುಡ್ಡು ಕಲೆಕ್ಟ್ ಮಾಡೋದು, ಶುರು ಮಾಡ್ದೆ, ಈಗ ಬಿಟ್ಟಿದೀನಿ. ಪಿಗ್ಮಿ ಅಂದ್ರೆ ಈಗಿನ ಹುಡುಗ್ರಿಗೆ ಗೊತ್ತೋ ಇಲ್ವೋ, ದಿನಾ ಚೂರು ಚೂರು ಕಟ್ಟೋ ಉಳಿತಾಯ, 1928ರಲ್ಲಿ ಉಡುಪಿಯಲ್ಲಿ ಶುರುವಾಗಿದ್ದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರ್ತಲ್ಲ, ಅದೇ ಬ್ಯಾಂಕು ಮಾಡಿದ್ದು. ದಿನಕ್ಕೆ ಎರಡಾಣೆ ಕೊಟ್ರೂ ಸಾಕು, ಬ್ಯಾಂಕಿನ ಕಡೆಯವನೇ ಬಾಗಿಲಿಗೆ ಬಂದು ಇಸ್ಕೊಂಡು ಹೋಗ್ತಿದ್ದ. ಆಮೇಲೆ ಎಲ್ಲಾ ಬ್ಯಾಂಕಿನೋರೂ ಸೊಸೈಟಿಯೋರೂ ಅದನ್ನೇ ಹಿಡ್ಕೊಂಡ್ರು. ನೀವು ಎಸ್‌ಐಪಿ ಎಸ್‌ಐಪಿ ಅಂತ ಬರೀತೀರಲ್ಲ, ಅದು ನಮ್ಮ ಪಿಗ್ಮಿಯ ಮೊಮ್ಮಗ, ದುಡ್ಡು ಹೋಗಿ ಕೂರೋ ಜಾಗ ಬೇರೆ ಅಷ್ಟೇ.

ದೋಸೆ ವಿಷಯಕ್ಕೆ ಬರ್ತೀನಿ. ನನಗೆ ಒಂದು ಅಭ್ಯಾಸ, ಲೈನಿಗೆ ಹೋದಾಗ ಬಸ್ ಸ್ಟ್ಯಾಂಡ್ ಹತ್ರದ ಒಂದೇ ಹೋಟ್ಲಲ್ಲಿ ತಿಂಡಿ, ಖರ್ಚನ್ನ ಡೈರಿಯಲ್ಲಿ ಬರ್ದಿಡೋದು, ಮನೇಲಿ ಲೆಕ್ಕ ಕೇಳ್ತಾರೆ ಅಂತ. ಆ ಡೈರಿಗಳೆಲ್ಲ ಇನ್ನೂ ಇದಾವೆ. 1994ರಲ್ಲಿ ಮಸಾಲೆ ದೋಸೆ 7 ರೂಪಾಯಿ. 2005ರಲ್ಲಿ 15. 2015ರಲ್ಲಿ 30. ಈಗ 60. ದೋಸೆ ದೊಡ್ಡದಾಗಿಲ್ಲ, ನಿಜ ಹೇಳ್ಬೇಕಂದ್ರೆ ಪಲ್ಯ ಸ್ವಲ್ಪ ಕಮ್ಮಿನೇ ಆಗಿದೆ. ಹತ್ತು ವರ್ಷಕ್ಕೊಂದ್ಸಲ ರೇಟು ಡಬಲ್ ಆಗ್ತಾ ಬಂದಿದೆ.

ಇಲ್ಲಿ ಒಂದು ಸುಲಭದ ಲೆಕ್ಕ ಇದೆ, ಬ್ಯಾಂಕಲ್ಲಿ ಒಬ್ರು ಹಳೇ ಮ್ಯಾನೇಜರ್ ನನಗೆ ಹೇಳ್ಕೊಟ್ಟಿದ್ದು. 72ನ್ನ ಬಡ್ಡಿಯಿಂದ ಭಾಗಿಸಿದ್ರೆ ಎಷ್ಟು ವರ್ಷಕ್ಕೆ ಡಬಲ್ ಅಂತ ಬರತ್ತೆ, ವರ್ಷದಿಂದ ಭಾಗಿಸಿದ್ರೆ ಎಷ್ಟು ಪರ್ಸೆಂಟ್ ಅಂತ ಬರತ್ತೆ. ಪಕ್ಕಾ ಅಲ್ಲ, ಆದ್ರೆ ಅಂಗಡಿ ಮುಂದೆ ನಿಂತು ಮಾತಾಡೋಕೆ ಸಾಕು. ದೋಸೆ ಹತ್ತು ವರ್ಷಕ್ಕೆ ಡಬಲ್, 72 ಭಾಗಿಸು 10, ಏಳು ಚಿಲ್ಲರೆ. ಅಂದ್ರೆ ನಮ್ಮ ದೋಸೆ ವರ್ಷಕ್ಕೆ ಏಳು ಪರ್ಸೆಂಟ್ ಹತ್ರ ಏರ್ತಾ ಇದೆ. ಇದಕ್ಕೇ ನಿಮ್ಮ ಪುಟದಲ್ಲಿ ಹಣದುಬ್ಬರ ಅಂತ ಬರೀತೀರಿ. ಸರ್ಕಾರದ ಹಣದುಬ್ಬರ ನನ್ನ ದೋಸೆಗಿಂತ ಕಮ್ಮಿ ಇರತ್ತೆ, ಯಾಕಂದ್ರೆ ಅದರಲ್ಲಿ ಬಟ್ಟೆ, ಬಾಡಿಗೆ, ಮೊಬೈಲ್ ಬಿಲ್ಲು ಎಲ್ಲಾ ಸೇರ್ಸಿ ತೆಗೀತಾರೆ. ಅದನ್ನ 4 ಪರ್ಸೆಂಟ್ ಹತ್ರ ಇಡಬೇಕು, ಎರಡು ಹೆಚ್ಚು ಇಲ್ಲಾ ಎರಡು ಕಮ್ಮಿ ಆದ್ರೂ ನಡೆಯತ್ತೆ ಅಂತ 2016ರಿಂದ ರಿಸರ್ವ್ ಬ್ಯಾಂಕಿಗೆ ಗುರಿ ಹಾಕ್ಕೊಟ್ಟಿದಾರೆ. ನಾನು ಮಾತ್ರ ದೋಸೆನೇ ಹಿಡ್ಕೋತೀನಿ, ಅದರಲ್ಲಿ ಅಕ್ಕಿ, ಉದ್ದು, ಎಣ್ಣೆ, ಗ್ಯಾಸು, ಭಟ್ಟರ ಸಂಬಳ, ಹೋಟ್ಲು ಬಾಡಿಗೆ ಎಲ್ಲಾ ಒಳಗೇ ಇದೆ.

ಈಗ ನಿಮ್ಮ 95 ಲಕ್ಷ. ಇದೇ ಏಳು ಪರ್ಸೆಂಟಲ್ಲಿ ಏರ್ತಾ ಹೋದ್ರೆ 25 ವರ್ಷಕ್ಕೆ 60 ರೂಪಾಯಿ ದೋಸೆ 325 ರೂಪಾಯಿ ಆಗತ್ತೆ. 95 ಲಕ್ಷಕ್ಕೆ ಎಷ್ಟು ದೋಸೆ ಬರತ್ತೋ ಅಷ್ಟು ದೋಸೆ ಇವತ್ತು ತಿನ್ನೋಕೆ ಸುಮಾರು ಹದಿನೇಳೂವರೆ ಲಕ್ಷ ಸಾಕು. ಕೋಟಿ ಅಂದಿದ್ದು ಹದಿನೇಳೂವರೆ ಲಕ್ಷಕ್ಕೆ ಇಳೀತು ನೋಡಿ. ಅದೂ 12 ಪರ್ಸೆಂಟ್ ಬಂದ್ರೆ. ಅದು ಊಹೆ ಅಷ್ಟೇ, ಷೇರು ಮಾರ್ಕೆಟ್ಟಲ್ಲಿ ಇಷ್ಟೇ ಬರತ್ತೆ ಅಂತ ಯಾರೂ ಬರ್ದು ಕೊಡಲ್ಲ.

ಹಾಗಂತ ಎಸ್‌ಐಪಿ ಬೇಡ ಅಂತ ನಾನು ಹೇಳ್ತಿಲ್ಲ, ಇದನ್ನ ಓದಿ ಯಾರಾದ್ರೂ "ನೋಡಿ, ನಾನು ಆವತ್ತೇ ಹೇಳಿದ್ನಲ್ಲ" ಅಂದ್ಕೊಂಡು ಖುಷಿಪಡೋ ಮುಂಚೆ ಇನ್ನೊಂದು ಲೆಕ್ಕ ನೋಡ್ಬೇಕು. ಅದೇ 5 ಸಾವಿರಾನ ನನ್ನ ಪಿಗ್ಮಿಗೆ ಹಾಕಿದ್ರೆ? ನಾನು ಕಲೆಕ್ಟ್ ಮಾಡ್ತಿದ್ದ ಪಿಗ್ಮಿಗೆ ಕೊನೇಲಿ 4 ಪರ್ಸೆಂಟ್ ಹತ್ರ ಬಡ್ಡಿ ಇತ್ತು. 25 ವರ್ಷಕ್ಕೆ 25 ಲಕ್ಷದ 80 ಸಾವಿರದಷ್ಟು ಬರತ್ತೆ. ಕಟ್ಟಿದ್ದು 15 ಲಕ್ಷ, ಬಂದಿದ್ದು ಹತ್ತತ್ರ 26, ಕೇಳೋಕೆ ಚೆನ್ನಾಗೇ ಇದೆ. ದೋಸೆ ಲೆಕ್ಕಕ್ಕೆ ತಂದ್ರೆ ಇವತ್ತಿನ ಐದು ಲಕ್ಷಾನೂ ಇಲ್ಲ. ಈ ಲೆಕ್ಕ ಮೊದಲ್ನೇ ಸಲ ಹಾಕಿದ ದಿನ ನನಗೆ ರಾತ್ರಿ ಊಟ ಸೇರ್ಲಿಲ್ಲ, ಮೂವತ್ತು ವರ್ಷ ಜನ ನನ್ನ ಕೈಗೆ ಕೊಟ್ಟಿದ್ದು ನೆನಪಾಗಿ.

ಪೋಸ್ಟಾಫೀಸಿನ ಕಿಸಾನ್ ವಿಕಾಸ ಪತ್ರನೂ ಹೀಗೇ ನೋಡಿ. 2025ರಲ್ಲಿ ಅದಕ್ಕೆ ಏಳೂವರೆ ಪರ್ಸೆಂಟ್, 115 ತಿಂಗಳಿಗೆ ಡಬಲ್. ಒಂಬತ್ತು ವರ್ಷ ಏಳು ತಿಂಗಳು. ನಮ್ಮ ದೋಸೆ ಡಬಲ್ ಆಗೋದೂ ಹತ್ರತ್ರ ಅಷ್ಟೇ ಟೈಮಿಗೆ. ಅಂದ್ರೆ ಒಂದು ಲಕ್ಷ ಇಟ್ಟೋರು ಎರಡು ಲಕ್ಷ ತಗೊಂಡು ಹೋಟ್ಲಿಗೆ ಹೋದ್ರೆ ಇಟ್ಟ ದಿನ ಎಷ್ಟು ದೋಸೆ ಬರ್ತಿತ್ತೋ ಹೆಚ್ಚುಕಮ್ಮಿ ಅಷ್ಟೇ ಬರತ್ತೆ, ಬಡ್ಡಿಗೆ ಟ್ಯಾಕ್ಸ್ ಕಟ್ಟೋರಾದ್ರೆ ಅದಕ್ಕಿಂತ ಕಮ್ಮಿ. ಕೆಟ್ಟ ಸ್ಕೀಮು ಅಂತಲ್ಲ, ಸರ್ಕಾರದ್ದು, ದುಡ್ಡು ಎಲ್ಲೂ ಹೋಗಲ್ಲ. ಇಟ್ಟಿದ್ದನ್ನ ಹಾಳಾಗದ ಹಾಗೆ ಕಾಯತ್ತೆ, ಅದಕ್ಕಿಂತ ಹೆಚ್ಚು ಅದರ ಹತ್ರ ಕೇಳ್ಬಾರ್ದು.

ಹಾಗಾದ್ರೆ ಷೇರು ಯಾಕೆ ಜಾಸ್ತಿ ಕೊಡತ್ತೆ, ಯಾಕೆ ಬೀಳತ್ತೆ? ನಮ್ಮ ಕಡೆಯೋರಿಗೆ ಇದನ್ನ ಅಡಿಕೆಯಲ್ಲಿ ಹೇಳಿದ್ರೆ ಕೂಡ್ಲೇ ಅರ್ಥ ಆಗತ್ತೆ. ಧಾರಣೆ ಬೇರೆ, ತೋಟ ಬೇರೆ. 2014ರಲ್ಲಿ ಅಡಿಕೆ ಧಾರಣೆ ಏರಿದಾಗ ನಮ್ಮೂರಲ್ಲಿ ಕಾರಿನ ಮೇಲೆ ಕಾರು ಬಂತು, ಆಮೇಲೆ ಧಾರಣೆ ಬಿತ್ತು, ಹಾಗಂತ ಯಾರಾದ್ರೂ ತೋಟ ಕಡಿದು ಹಾಕಿದ್ರಾ? ಮರ ಅಲ್ಲೇ ಇದೆ, ಗೊನೆ ಬಿಡ್ತಾನೇ ಇದೆ. ಷೇರು ಅಂದ್ರೆ ಒಂದು ಕಂಪನಿಯ ತೋಟದಲ್ಲಿ ನಿಮಗೆ ಒಂದು ಚೂರು ಪಾಲು. ಪೇಪರಲ್ಲಿ ದಿನಾ ಬರೋದು ಆ ಪಾಲಿನ ಧಾರಣೆ. ಮ್ಯೂಚುವಲ್ ಫಂಡ್ ಅಂದ್ರೆ ಐವತ್ತು ಅರವತ್ತು ತೋಟದಲ್ಲಿ ಒಂದೊಂದು ಮರ ಇದ್ದ ಹಾಗೆ, ಒಂದಕ್ಕೆ ಕೊಳೆ ಬಂದ್ರೆ ಉಳಿದಿದ್ದು ಇರತ್ತೆ. ಎಲ್ಲಾದಕ್ಕೂ ಒಂದೇ ವರ್ಷ ಕೊಳೆ ಬರೋದೂ ಉಂಟು ಅನ್ನಿ, ಅದನ್ನೂ ಹೇಳ್ಬೇಕು. 2008ರ ಜನವರಿಯಲ್ಲಿ 21 ಸಾವಿರ ಇದ್ದ ಸೆನ್ಸೆಕ್ಸ್ (30 ದೊಡ್ಡ ಕಂಪನಿಗಳ ಷೇರು ಧಾರಣೆಯ ಒಟ್ಟು ಅಳತೆ) 2009ರ ಮಾರ್ಚಿಗೆ 8 ಸಾವಿರದ ಹತ್ರ ಬಂದಿತ್ತು. ತಿರುಗಿ 21 ಸಾವಿರ ನೋಡಿದ್ದು 2010ರ ಕೊನೆಗೆ. ಹತ್ತತ್ರ ಮೂರು ವರ್ಷ! ಮಗಳ ಮದ್ವೆ 2009ರಲ್ಲಿ ಇಟ್ಕೊಂಡೋರ ಗತಿ ಏನು? ಕೊರೊನಾ ಟೈಮಲ್ಲಿ 2020ರ ಮಾರ್ಚ್ 23ಕ್ಕೆ ಒಂದೇ ದಿನ 3,900 ಚಿಲ್ಲರೆ ಪಾಯಿಂಟ್ ಬಿದ್ದು 26 ಸಾವಿರಕ್ಕಿಂತ ಕೆಳಗೆ ಹೋಗಿತ್ತು, ಹತ್ತೇ ತಿಂಗಳಿಗೆ 50 ಸಾವಿರ ಮುಟ್ಟಿತು. ಯಾವಾಗ ಬೀಳತ್ತೆ, ಎಷ್ಟು ಬೇಗ ಏಳತ್ತೆ ಅಂತ ಆವತ್ತು ಯಾರಿಗೂ ಗೊತ್ತಿರ್ಲಿಲ್ಲ, ಟೀವಿಯಲ್ಲಿ ಕೂತು ಹೇಳ್ತಿದ್ದೋರಿಗೂ ಅಷ್ಟೇ. ಅದಕ್ಕೇ ಐದಾರು ವರ್ಷದೊಳಗೆ ಬೇಕಾಗೋ ದುಡ್ಡು ಅಲ್ಲಿಗೆ ಹೋಗ್ಬಾರ್ದು, ಆಸ್ಪತ್ರೆಗೆ ಅಂತ ಇಟ್ಟಿದ್ದಂತೂ ಖಂಡಿತ ಹೋಗ್ಬಾರ್ದು.

ತಿಂಗಳು ತಿಂಗಳು ಕಟ್ಟೋದ್ರಲ್ಲಿ ಒಂದು ಅನುಕೂಲ ಇದೆ, ಅದನ್ನ ನಮ್ಮ ಲೈನಲ್ಲಿ ಕಿರಾಣಿ ಅಂಗಡಿಯೋರಿಗೆ ಹೇಳಿದ್ದೇ ಹಾಗೇ ಹೇಳ್ತೀನಿ. ಸಾವಿರ ರೂಪಾಯಿಗೆ ಈ ತಿಂಗಳು ಯೂನಿಟ್ (ಫಂಡಿನ ಒಂದು ಪಾಲು) ರೇಟು 50 ಇದ್ರೆ 20 ಯೂನಿಟ್ ಬಂತು. ಮುಂದಿನ ತಿಂಗಳು ರೇಟು 40ಕ್ಕೆ ಬಿತ್ತು, ಅದೇ ಸಾವಿರಕ್ಕೆ 25 ಬಂತು. ಎರಡು ಸಾವಿರಕ್ಕೆ 45 ಯೂನಿಟ್, ಒಂದಕ್ಕೆ 44 ರೂಪಾಯಿ 44 ಪೈಸೆ ಬಿತ್ತು. ಬೆಲೆ ಇಳಿದಾಗ ನಾವು ಏನೂ ತಲೆ ಕೆಡಿಸ್ಕೊಳ್ದೆ ಜಾಸ್ತಿ ತಗೊಂಡ್ವಿ. ಬೆಳ್ಳುಳ್ಳಿ ಅಗ್ಗ ಆದಾಗ ಒಂದು ಕೇಜಿ ಜಾಸ್ತಿ ತಗೋತೀವಲ್ಲ ಹಾಗೆ. ಆದ್ರೆ ಷೇರು ಅಗ್ಗ ಆದಾಗ ಮಾತ್ರ ಎಲ್ಲಾರೂ ಓಡಿಹೋಗ್ತಾರೆ, ಎಸ್‌ಐಪಿ ನಿಲ್ಲಿಸ್ತಾರೆ, ಇದೇನು ವಿಚಿತ್ರನೋ.

ಇನ್ನು ಇನ್ಫೋಸಿಸ್ ಕತೆ. 1993ರಲ್ಲಿ 95 ರೂಪಾಯಿಗೆ ಕೊಟ್ಟಾಗ ನೂರು ಷೇರು ತಗೊಂಡಿದ್ರೆ ಈಗ ಎಷ್ಟು ಕೋಟಿ ಅಂತ ಯಾರಾದ್ರೂ ವರ್ಷಕ್ಕೊಂದ್ಸಲ ಬರೀತಾನೇ ಇರ್ತಾರೆ. ನಿಜಾನೇ, ಆದ್ರೆ ಆವತ್ತು ಆ ಷೇರು ಪೂರ್ತಿ ಖರ್ಚೇ ಆಗಿರ್ಲಿಲ್ಲ, ಕೇಳೋರಿರ್ಲಿಲ್ಲ. ಅದೇ ಟೈಮಲ್ಲಿ ಷೇರು ಮಾರಿ ಮಾಯ ಆದ ಕಂಪನಿಗಳ ಕತೆ ಯಾರೂ ಬರಿಯಲ್ಲ, ಯಾಕಂದ್ರೆ ದುಡ್ಡು ಕಳ್ಕೊಂಡೋರು ಬಾಯಿ ಬಿಡಲ್ಲ. ಯಾವ ಕಂಪನಿ ಗೆಲ್ಲತ್ತೆ ಅಂತ ಆರಿಸೋಕೆ ಬರದೇ ಇರೋ ನನ್ನಂತೋರಿಗೆ ಸೆನ್ಸೆಕ್ಸಿನ 30, ಇಲ್ಲಾ ನಿಫ್ಟಿಯ 50 ಕಂಪನಿ ಪೂರ್ತಿ ತಗೊಳ್ಳೋ ಇಂಡೆಕ್ಸ್ ಫಂಡ್ ಸಾಕು. ಅದರಲ್ಲಿ ಖರ್ಚೂ ಕಮ್ಮಿ ಹಿಡ್ಕೋತಾರೆ.

ಆದ್ರೆ ಸಾರ್, ನಾನು ಈ ಕಾಗದ ಬರೆಯೋಕೆ ಕೂತಿದ್ದು ನಿಜವಾಗಿ ಎಸ್‌ಐಪಿ ವಿಷಯಕ್ಕಲ್ಲ. ನಿಮ್ಮ ಪುಟದಲ್ಲಿ ಎಲ್ಲಿ ಹಾಕ್ಬೇಕು ಅಂತ ಬರತ್ತೆ, ಎಲ್ಲಿ ಸೋರ್ತಿದೆ ಅಂತ ಬರಲ್ಲ. ನಮ್ಮ ಕಡೆ ಬಡ್ಡಿ ಮಾತಾಡೋದು ತಿಂಗಳ ಲೆಕ್ಕದಲ್ಲಿ, ನೂರಕ್ಕೆ ಎರಡು ರೂಪಾಯಿ, ಮೂರು ರೂಪಾಯಿ ಅಂತ. ಬ್ಯಾಂಕಿನೋರು ಮಾತಾಡೋದು ವರ್ಷದ ಲೆಕ್ಕದಲ್ಲಿ. ಹಾಗಾಗಿ ಜನಕ್ಕೆ ಬ್ಯಾಂಕಿನ ಹತ್ತು ಪರ್ಸೆಂಟ್ ದೊಡ್ಡದಾಗಿ ಕಾಣತ್ತೆ, ಕೈಸಾಲದ ಮೂರು ರೂಪಾಯಿ ಬಡ್ಡಿ ಸಣ್ಣದಾಗಿ ಕಾಣತ್ತೆ. ಮೂರು ರೂಪಾಯಿ ಅಂದ್ರೆ ವರ್ಷಕ್ಕೆ 36!

ಮಾರ್ಕೆಟ್ ರೋಡಲ್ಲಿ ಹೂ ಮಾರೋ ಅಮ್ಮ ಒಬ್ರು ಇದ್ರು, ಈಗ್ಲೂ ಇದಾರೆ. ನನ್ನ ಹತ್ರ ದಿನಕ್ಕೆ ಐವತ್ತು ರೂಪಾಯಿ ಪಿಗ್ಮಿ. ಸಂಜೆ ಐದರ ಹೊತ್ತಿಗೆ ನಾನು ಸೈಕಲ್ಲಲ್ಲಿ ಹೋಗ್ತಿದ್ದೆ, ಅದೇ ಟೈಮಿಗೆ ಇನ್ನೊಬ್ಬ ಬೈಕಲ್ಲಿ ಬರ್ತಿದ್ದ, ಡೈಲಿ ಕಲೆಕ್ಷನ್ನವನು. ಅವ್ನು ಇವ್ರಿಗೆ 10 ಸಾವಿರ ಸಾಲ ಅಂತ ಹೇಳಿ ಸಾವಿರ ಮೊದ್ಲೇ ಹಿಡ್ಕೊಂಡು 9 ಸಾವಿರ ಕೈಗೆ ಕೊಟ್ಟಿದ್ದ, ದಿನಕ್ಕೆ ನೂರರ ಹಾಗೆ ನೂರು ದಿನ ಕಟ್ಬೇಕು. "ಹತ್ತು ಪರ್ಸೆಂಟ್ ಅಷ್ಟೇ ಅಲ್ವಾ ಪಿಗ್ಮಿಯಣ್ಣ" ಅಂದ್ರು. ಅಲ್ಲ. ಒಂಬತ್ತು ಸಾವಿರ ಅವ್ರ ಕೈಯಲ್ಲಿ ಪೂರ್ತಿ ಇದ್ದಿದ್ದು ಮೊದಲ್ನೇ ದಿನ ಮಾತ್ರ, ಮಾರನೇ ದಿನದಿಂದ ವಾಪಸ್ ಹೋಗೋಕೆ ಶುರು, ಐವತ್ತನೇ ದಿನಕ್ಕೆ ಅರ್ಧ ಹೋಗಿದೆ. ಸರಾಸರಿ ನೋಡಿದ್ರೆ ನಾಕೂವರೆ ಸಾವಿರ ಅವ್ರ ಹತ್ರ ನೂರು ದಿನ ಇತ್ತು, ಅದಕ್ಕೆ ಸಾವಿರ ರೂಪಾಯಿ ಬಡ್ಡಿ. ವರ್ಷದಲ್ಲಿ ಅಂತ ನೂರು ದಿನ ಮೂರೂವರೆ ಸಲ ಬರತ್ತೆ. ವರ್ಷಕ್ಕೆ 75, 80 ಪರ್ಸೆಂಟ್ ಆಯ್ತು. ಆವತ್ತು ಅವ್ರ ಪಿಗ್ಮಿ ಖಾತೆಯಲ್ಲಿ 14 ಸಾವಿರ ಇತ್ತು, ನಾಕು ಪರ್ಸೆಂಟಿಗೆ! ಯಾಕಮ್ಮ ಅದನ್ನ ತೆಗೀಬಹುದಿತ್ತಲ್ಲ ಅಂದಿದ್ರೆ ಮುಗೀತಿತ್ತು, ಇಲ್ಲಾ ಪಿಗ್ಮಿ ಮೇಲೇ ಬ್ಯಾಂಕಲ್ಲಿ ಸಾಲ ಕೊಡ್ಸಬಹುದಿತ್ತು.

ನಾನು ಅನ್ಲಿಲ್ಲ. ಖಾತೆ ಕ್ಲೋಸ್ ಆದ್ರೆ ನನ್ನ ಕಲೆಕ್ಷನ್ ಕಮ್ಮಿ, ಕಮಿಷನ್ ಕಮ್ಮಿ, ನೂರಕ್ಕೆ ಮೂರು ರೂಪಾಯಲ್ಲಿ ಮನೆ ನಡೀಬೇಕಿತ್ತು. ಸುಮ್ನೆ ಬುಕ್ಕಲ್ಲಿ ಐವತ್ತು ಬರ್ಕೊಂಡು ಸೈಕಲ್ ಹತ್ತಿದೆ. ಈಗ ರಿಟೈರ್ ಆದ್ಮೇಲೆ ಧೈರ್ಯ ಬಂದು ಬರೀತಿದೀನಿ.

ಪಾಲಿಸಿ ಏಜೆಂಟರದ್ದೂ ಹೀಗೇ ಇರ್ಬಹುದು, ಅವ್ರನ್ನ ಬೈಯೋಕೆ ನನಗೆ ಬಾಯಿಲ್ಲ. ಆದ್ರೆ ಲೆಕ್ಕ ಹೇಳ್ಬಹುದು. ನನಗೇ ಒಬ್ರು ತೋರಿಸಿದ್ದು, ವರ್ಷಕ್ಕೆ 24 ಸಾವಿರ, 20 ವರ್ಷ, ಕೊನೆಗೆ ಎಂಟೂವರೆ ಲಕ್ಷ, ಜೊತೆಗೆ ಸ್ವಲ್ಪ ವಿಮೆ. ಕಟ್ಟಿದ್ದು 4 ಲಕ್ಷದ 80 ಸಾವಿರ, ಬರೋದು ಹತ್ತತ್ರ ಡಬಲ್. ವರ್ಷದ ಲೆಕ್ಕ ತೆಗೆದ್ರೆ ಐದು ಪರ್ಸೆಂಟಿಗೆ ಚೂರು ಮೇಲೆ. ಅಷ್ಟೇ ದುಡ್ಡು ಸರ್ಕಾರದ 15 ವರ್ಷದ ಉಳಿತಾಯ ಖಾತೆ ಪಿಪಿಎಫ್‌ಗೆ ಹಾಕಿದ್ರೆ, 15 ವರ್ಷ ಆದ್ಮೇಲೆ ಇನ್ನೊಂದು ಐದು ವರ್ಷ ಮುಂದುವರಿಸೋಕೆ ಬರತ್ತೆ, 2020ರಿಂದ ಇರೋ 7.1 ಪರ್ಸೆಂಟಲ್ಲೇ ಹತ್ತೂವರೆ ಲಕ್ಷ ದಾಟತ್ತೆ, ಟ್ಯಾಕ್ಸ್ ಕಾಟನೂ ಇಲ್ಲ. ವಿಮೆ ಬೇಕಂದ್ರೆ ಬರೀ ವಿಮೆ, ಟರ್ಮ್ ಪಾಲಿಸಿ, ಬೇರೆ ತಗೊಳ್ಳಿ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ್ರೆ ಎರಡೂ ಬೇಯಲ್ಲ.

ಇನ್ನೊಂದು ನಮ್ಮನೇದೇ. ನಮ್ಮ ಭಾವ ರಿಟೈರ್ ಆದಾಗ ಬಂದ ದುಡ್ಡಲ್ಲಿ 8 ಲಕ್ಷಾನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಇಟ್ರು, ಬ್ಯಾಂಕಲ್ಲಿ ಆರೂವರೆ ಇದ್ದಾಗ ಅಲ್ಲಿ ಹನ್ನೊಂದು ಅಂತ. ಎರಡು ವರ್ಷ ಬಡ್ಡಿ ಸರಿಯಾಗಿ ಬಂತು, ಆಮೇಲೆ ನಾಳೆ ಬನ್ನಿ, ಸೋಮವಾರ ಬನ್ನಿ. ಈಗ ತಿಂಗಳಿಗೆ ಎರಡು ಮೂರು ಸಾವಿರ ಕೊಡ್ತಾರೆ, ಕೊಟ್ರೆ. ಬ್ಯಾಂಕು ಮುಳುಗಿದ್ರೆ ಒಬ್ಬೊಬ್ರಿಗೆ 5 ಲಕ್ಷದವರೆಗೆ ಡೆಪಾಸಿಟ್ ವಿಮೆ ಇದೆ, 2020ರ ಫೆಬ್ರವರಿಗೆ ಮುಂಚೆ ಒಂದೇ ಲಕ್ಷ ಇತ್ತು. ಸಹಕಾರಿ ಬ್ಯಾಂಕಿಗೂ ಅದು ಇದೆ. ಆದ್ರೆ ಪತ್ತಿನ ಸಂಘಕ್ಕೆ ಇಲ್ಲ. ಬೋರ್ಡಲ್ಲಿ ಸಹಕಾರ ಅಂತ ಇದ್ರೆ ಎಲ್ಲಾ ಒಂದೇ ಅಂದ್ಕೊಂಡಿದ್ರು ಭಾವ, ನಾನೂ ಅಷ್ಟು ವರ್ಷ ಬ್ಯಾಂಕಿನ ಬಾಗ್ಲು ತುಳಿದೋನು, ಕೇಳಿದಾಗ "ನೋಡಿ ಭಾವ, ಗುರುತಿನೋರೇ ಅಲ್ವಾ" ಅಂದಿದ್ದೆ. ಆ ಹೆಚ್ಚಿನ ನಾಕೂವರೆ ಪರ್ಸೆಂಟು ಯಾವುದಕ್ಕೆ ಕೊಡ್ತಿದಾರೆ ಅಂತ ಕೇಳ್ಬೇಕಿತ್ತು. ಅಪಾಯಕ್ಕೆ ಕೊಡ್ತಿದ್ರು, ಹೇಳಿರ್ಲಿಲ್ಲ ಅಷ್ಟೇ.

ಮೊಬೈಲಲ್ಲಿ ಆಪ್ಷನ್, ಅಂದ್ರೆ ಷೇರಿನ ರೇಟು ಮುಂದೆ ಏರತ್ತೋ ಇಳಿಯತ್ತೋ ಅಂತ ಬಾಜಿ, ಆಡೋ ಹುಡುಗ್ರಿಗೆ ಒಂದೇ ಸಾಲು. 2024ರಲ್ಲಿ ಷೇರು ಮಾರ್ಕೆಟ್ಟನ್ನ ಕಾಯೋ ಸೆಬಿನೇ ಲೆಕ್ಕ ಕೊಟ್ಟಿದೆ, ಮೂರು ವರ್ಷದಲ್ಲಿ ಫ್ಯೂಚರ್ಸು ಆಪ್ಷನ್ಸು ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಜನ ಕಳ್ಕೊಂಡಿದಾರೆ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಇಸ್ಪೀಟಲ್ಲಿ ಇದಕ್ಕಿಂತ ಜಾಸ್ತಿ ಜನ ಗೆಲ್ತಾರೆ.

ಈಗ ನನ್ನ ಕೋರಿಕೆ. ನಿಮ್ಮ ಪೇಪರಲ್ಲಿ ದಿನಾ ಚಿನ್ನ, ಬೆಳ್ಳಿ, ಅಡಿಕೆ ಧಾರಣೆ, ಸೆನ್ಸೆಕ್ಸ್ ಎಲ್ಲಾ ಬರತ್ತೆ, ಒಂದು ಮೂಲೇಲಿ. ಅದರ ಪಕ್ಕ ಒಂದು ಬೆರಳಷ್ಟು ಜಾಗ ಕೊಡಿ, ತಿಂಗಳಿಗೊಂದ್ಸಲ ಸಾಕು. ಸರ್ಕಾರ ತಿಂಗಳ ಹನ್ನೆರಡನೇ ತಾರೀಕಿನ ಹೊತ್ತಿಗೆ ಹಣದುಬ್ಬರದ ಲೆಕ್ಕ ಬಿಡತ್ತಲ್ಲ, ಅದು ಎಷ್ಟು, ಬ್ಯಾಂಕ್ ಎಫ್‌ಡಿ ಎಷ್ಟು, ಪೋಸ್ಟಾಫೀಸು ಎಷ್ಟು (ಅದು ಮೂರು ತಿಂಗಳಿಗೊಂದ್ಸಲ ಬದಲಾಗ್ಬಹುದು), ಕೈಸಾಲದ ಎರಡು ರೂಪಾಯಿ ಬಡ್ಡಿ ವರ್ಷಕ್ಕೆ ಎಷ್ಟು. ನಾಕೇ ಸಾಲು. ಕೋಟಿ ಆಗತ್ತೆ ಅಂತ ಯಾರು ಲೇಖನ ಕಳ್ಸಿದ್ರೂ ಇವತ್ತಿನ ದುಡ್ಡಲ್ಲಿ ಎಷ್ಟು ಅಂತ ಕೇಳಿ ಬರೆಸಿ. ಮತ್ತೆ ಆ "ವೈವಿಧ್ಯೀಕೃತ ಬಂಡವಾಳ ಖಾತೆ" ಅಂತೆಲ್ಲ ಬರೀಬೇಡಿ ಸಾರ್, ನಮ್ಮ ಮನೇಲಿ ಅದನ್ನ ಓದಿ ಯಾವುದೋ ಸರ್ಕಾರಿ ಇಲಾಖೆ ಅಂದ್ಕೊಂಡ್ರು.

ಕಾಗದ ಉದ್ದ ಆಯ್ತು ಅಂತ ಗೊತ್ತು, ನೀವು ಕತ್ತರಿಸ್ತೀರಿ ಅಂತಾನೂ ಗೊತ್ತು. ಇನ್ಫೋಸಿಸ್ ತೆಗೀರಿ, ನಮ್ಮ ಭಾವನ ಕತೆ ತೆಗೆದ್ರೆ ಮನೇಲಿ ಇನ್ನೂ ಒಳ್ಳೇದೇ. ಹೂವಿನಮ್ಮನ ಲೆಕ್ಕ ಮಾತ್ರ ಬಿಡ್ಬೇಡಿ. ಅವ್ರಿಗೆ ಓದೋಕೆ ಬರಲ್ಲ, ಹೋದ ವಾರ ಮಾರ್ಕೆಟ್ಟಲ್ಲಿ ಸಿಕ್ಕಾಗ ನೂರು ದಿನದ ಸಾಲ ಮತ್ತೆ ತಗೊಂಡಿದೀನಿ ಅಂದ್ರು. ಪೇಪರಲ್ಲಿ ಬಂದ್ರೆ ಮಗನ ಹತ್ರ ಓದಿಸ್ತೀನಿ ಅಂತ ಮಾತು ಕೊಟ್ಟಿದಾರೆ.

ಇತಿ,
ನಿಮ್ಮ ಓದುಗ, ಹಳೇ ಪಿಗ್ಮಿ ಕಲೆಕ್ಟರ್
ಸಾಗರ, ಶಿವಮೊಗ್ಗ ಜಿಲ್ಲೆ